ಮಣ್ಣಿನ ಗೋಡೆ ಬೀಳುವುದು ಮಣ್ಣಿನಿಂದಲ್ಲ, ನೀರಿನಿಂದ
ಮಳೆಗೆ ಮುಂಚೆ ಮನೆಯ ರಿಪೇರಿ ನೀವೇ ಮಾಡಿಕೊಳ್ಳಿ



ಸುಗ್ಗಿ ಮುಗಿಯಿತು. ರಾಗಿ, ಜೋಳ ಕಣದಿಂದ ಮನೆ ಸೇರಿವೆ. ಹೊಲದ ಕೆಲಸಕ್ಕೆ ಸ್ವಲ್ಪ ಬಿಡುವು ಸಿಕ್ಕಿದೆ. ಈ ಬಿಡುವಿನಲ್ಲಿ ನೇಗಿಲು, ಗಾಡಿ, ಪಂಪ್‌ಸೆಟ್ಟುಗಳ ರಿಪೇರಿಯನ್ನು ಎಲ್ಲರೂ ಮಾಡಿಸುತ್ತಾರೆ. ಆದರೆ ಹೆಂಡತಿ ಮಕ್ಕಳೊಂದಿಗೆ ನೀವು ಮಲಗುವ ಮನೆಯ ಗೋಡೆಯನ್ನು ಸುತ್ತಲೂ ನಡೆದು ನೋಡಿದ್ದು ಯಾವಾಗ? ನೆನಪಿಲ್ಲದಿದ್ದರೆ ಇಂದೇ ಎದ್ದು ಒಂದು ಸುತ್ತು ಹಾಕಿ ಬನ್ನಿ. ಈ ಲೇಖನ ಮಣ್ಣಿನ ಗೋಡೆಯ ಮನೆಯಲ್ಲಿ ಇರುವವರಿಗಾಗಿ.

2009ರಲ್ಲಿ ಉತ್ತರ ಕರ್ನಾಟಕದಲ್ಲಿ ಸುರಿದ ಮಳೆಗೂ, 2019ರ ಆಗಸ್ಟ್ ತಿಂಗಳ ನೆರೆಗೂ ಸಾವಿರಾರು ಮಣ್ಣಿನ ಮನೆಗಳು ಕುಸಿದವು. ಇದನ್ನು ಕಂಡು ‘ಮಣ್ಣಿನ ಮನೆ ಎಂದರೆ ಇಷ್ಟೇ, ಕೆಡವಿ ಸಿಮೆಂಟಿನದು ಕಟ್ಟಬೇಕು’ ಎನ್ನುವವರು ಹೆಚ್ಚಾದರು. ಹೊಳೆಯ ನೀರು ಊರಿಗೇ ನುಗ್ಗಿದರೆ ಯಾರೂ ಏನೂ ಮಾಡಲಾರರು, ನಿಜ. ಆದರೆ ನೆರೆ ಬಾರದ ಊರುಗಳಲ್ಲೂ ಪ್ರತಿ ಮಳೆಗಾಲ ಗೋಡೆಗಳು ಬೀಳುತ್ತವೆ. ಅದೇ ಬೀದಿಯಲ್ಲಿ ಅಜ್ಜನ ಕಾಲದ ಮಣ್ಣಿನ ಮನೆ ಅಲುಗದೆ ನಿಂತಿರುವುದನ್ನೂ ನೀವು ನೋಡಿದ್ದೀರಿ. ಎರಡಕ್ಕೂ ಮಣ್ಣು ಒಂದೇ. ವ್ಯತ್ಯಾಸವಿರುವುದು ನೀರು ಒಳಗೆ ಸೇರಿತೋ ಇಲ್ಲವೋ ಎಂಬುದರಲ್ಲಿ.

ನಾವು ಕಲಿತ ಪಾಠ

ನಮ್ಮ ಹಳೆಯ ಮನೆಯ ಕೊಟ್ಟಿಗೆಯ ಪಡುವಣ ಗೋಡೆ ಸ್ವಲ್ಪ ಉದುರುತ್ತಿತ್ತು. ಮೇಸ್ತ್ರಿಯೊಬ್ಬರು ‘ಸಿಮೆಂಟ್ ಗಿಲಾವು ಮಾಡಿಬಿಡಿ, ಮತ್ತೆ ನೋಡುವ ಹಾಗೇ ಇಲ್ಲ’ ಎಂದರು. ಮಾಡಿಸಿದೆವು. ಎರಡು ವರ್ಷ ಗೋಡೆ ಬಹಳ ಚೆನ್ನಾಗಿ ಕಂಡಿತು. ಮೂರನೆಯ ಮಳೆಗಾಲಕ್ಕೆ ಬೆರಳಿನಿಂದ ತಟ್ಟಿದರೆ ಡಬ್ ಡಬ್ ಎಂದು ಪೊಳ್ಳು ಸದ್ದು ಬಂತು. ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಮುಂಜಾನೆ ಗೋಡೆ ಬುಡದಿಂದಲೇ ಕುಸಿಯಿತು. ಹಾಲು ಕರೆಯಲೆಂದು ಹಸುವನ್ನು ಆಗತಾನೆ ಹೊರಗೆ ಕಟ್ಟಿದ್ದರಿಂದ ಅದು ಉಳಿಯಿತು. ಬಿದ್ದ ಮಣ್ಣನ್ನು ಮುಟ್ಟಿ ನೋಡಿದರೆ ಕಲಸಿದ ಹಿಟ್ಟಿನಷ್ಟು ಮೆತ್ತಗಿತ್ತು.

ಆದದ್ದು ಇಷ್ಟೆ. ಮೇಲೆ ಒಂದೆರಡು ಹೆಂಚು ಜರುಗಿ ನೀರು ಗೋಡೆಯ ನೆತ್ತಿಗೆ ಇಳಿಯುತ್ತಿತ್ತು. ಕೆಳಗೆ ಸೂರಿನ ನೀರು ಬುಡಕ್ಕೆ ಎರಚುತ್ತಿತ್ತು. ಮೊದಲಾಗಿದ್ದರೆ ಆ ತೇವ ಬಿಸಿಲು ಬಿದ್ದಾಗ ಗೋಡೆಯ ಮೈಯಿಂದ ಆರಿಹೋಗುತ್ತಿತ್ತು. ಸಿಮೆಂಟಿನ ಗಟ್ಟಿ ಪದರ ಅದನ್ನು ಹೊರಗೆ ಬಿಡಲಿಲ್ಲ. ಒಳಗೇ ನಿಂತ ತೇವ ಮಣ್ಣನ್ನು ಮೆತ್ತಗೆ ಮಾಡಿತು. ಅದಲ್ಲದೆ ಸಿಮೆಂಟೂ ಮಣ್ಣೂ ಒಂದಕ್ಕೊಂದು ಅಂಟಿಕೊಳ್ಳುವ ಜಾತಿಯವಲ್ಲ. ತೇವ ಬಂದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಸಿಮೆಂಟು ಹಾಗೆ ಮಾಡುವುದಿಲ್ಲ. ಆದ್ದರಿಂದ ನಡುವೆ ಬಿರುಕು ಬಿಟ್ಟೇ ಬಿಡುತ್ತದೆ.

ಇದರಿಂದ ಕಲಿತದ್ದು: ಮೊದಲು ಮೇಲೆ, ಆಮೇಲೆ ಬುಡ, ಕೊನೆಗೆ ಮೈ. ಈ ಕ್ರಮ ತಪ್ಪಿಸಬೇಡಿ.

ಮೊದಲು ಮಾಡು, ಮಾಳಿಗೆ

ಹೆಂಚಿನ ಮನೆಯಾದರೆ ನಡು ಮಧ್ಯಾಹ್ನ ಬಾಗಿಲು ಕಿಟಕಿ ಮುಚ್ಚಿ ಒಳಗೆ ನಿಂತು ಮೇಲೆ ನೋಡಿ. ಬೆಳಕು ಇಣುಕಿದ ಕಡೆಯೆಲ್ಲ ನೀರೂ ಇಳಿಯುತ್ತದೆ. ಒಡೆದ ಹೆಂಚು ಬದಲಿಸಿ, ಜರುಗಿದ್ದನ್ನು ಮೇಲಿನ ಸಾಲಿನ ಅಡಿಗೆ ಸರಿಯಾಗಿ ಕೂರಿಸಿ. ಮಂಗಳೂರು ಹೆಂಚಿನ ಕಾರ್ಖಾನೆ ಮೊದಲು ಶುರುವಾದದ್ದು 1865ರಲ್ಲಿ, ಬಾಸೆಲ್ ಮಿಷನ್ನಿನವರಿಂದ. ಆ ಕಾಲದ ಹೆಂಚುಗಳು ಕೆಲವು ಮನೆಗಳ ಮೇಲೆ ಇಂದಿಗೂ ಇವೆ. ಕೆಡುವುದು ಹೆಂಚಿಗಿಂತ ಹೆಚ್ಚಾಗಿ ಅದನ್ನು ಹೊತ್ತ ಮರ. ರೀಪಿಗೆ ಚೂರಿಯ ಮೊನೆ ಚುಚ್ಚಿ ನೋಡಿ, ಸಲೀಸಾಗಿ ಇಳಿದರೆ ಅದು ಲಡ್ಡಾಗಿದೆ ಎಂದು ತಿಳಿದು ಬದಲಿಸಿ. ಹೆಂಚಿನ ಮೇಲೆ ನೇರವಾಗಿ ಕಾಲಿಡಬೇಡಿ. ಮರವಿರುವ ಜಾಗ ನೋಡಿ ಹಲಗೆ ಹಾಸಿಕೊಂಡು ಅದರ ಮೇಲೆ ಹೋಗಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ. ಸೂರು ಗೋಡೆಯಿಂದ 2 ಅಡಿಯಾದರೂ ಮುಂದಕ್ಕೆ ಚಾಚಿರಲಿ.

ಬಯಲುಸೀಮೆಯ ಮಣ್ಣಿನ ಮಾಳಿಗೆಯವರು ಒಂದು ಲೆಕ್ಕ ಕೇಳಿ. ಮಳೆಗೆ ಮುಂಚೆ ಚೌಳು ಮಣ್ಣು ಹರಡುವುದು ಹಿರಿಯರಿಂದ ಬಂದ ಪದ್ಧತಿ, ಒಳ್ಳೆಯ ಪದ್ಧತಿ. ಚೌಳು ನೀರು ಬಿದ್ದೊಡನೆ ಸಂದು ಮುಚ್ಚಿಕೊಂಡು ಇಂಗುವುದನ್ನು ತಡೆಯುತ್ತದೆ. ಆದರೆ 10 ಅಡಿಗೆ 10 ಅಡಿ ಮಾಳಿಗೆಯ ಮೇಲೆ 1 ಇಂಚು ಮಣ್ಣು ಹಾಕಿದರೆ ಅದರ ತೂಕ ಸುಮಾರು 4 ಕ್ವಿಂಟಲ್. ನೆನೆದರೆ ಇನ್ನೂ ಹೆಚ್ಚು. ಹಳೆಯದನ್ನು ಕೆರೆಯದೆ ವರ್ಷವರ್ಷವೂ ಹೊಸದು ಹಾಕುತ್ತ ಹೋದರೆ ಹತ್ತು ವರ್ಷಕ್ಕೆ 40 ಕ್ವಿಂಟಲ್ ಭಾರ ಅದೇ ಹಳೆಯ ತೊಲೆಗಳ ಮೇಲೆ ಕೂರುತ್ತದೆ. ಆದ್ದರಿಂದ ಎಷ್ಟು ಹಾಕುತ್ತೀರೋ ಅಷ್ಟನ್ನು ಮೊದಲು ಕೆರೆದು ಇಳಿಸಿ. ತೊಲೆ ಬಾಗಿದ್ದರೆ ಅಡಿಯಲ್ಲಿ ಕಂಬ ಕೊಟ್ಟ ಮೇಲೆಯೇ ಮೇಲೆ ಹತ್ತಿ. ನೀರು ಹೋಗುವ ದೋಣಿ ಗೋಡೆಯ ಮೈಗೆ ಸುರಿಯದಂತೆ ಉದ್ದವಿರಲಿ.

ಆಮೇಲೆ ಬುಡ

ಮಣ್ಣಿನ ಗೋಡೆ ಹೆಚ್ಚಾಗಿ ಸೋಲುವುದು ನೆಲದಿಂದ ಮೊದಲ 1 ಅಡಿಯಲ್ಲಿ. ಅಲ್ಲಿ ಮಣ್ಣು ಉದುರಿ ಗೋಡೆ ಒಳಕ್ಕೆ ಕೊರೆದಿದೆಯೇ ನೋಡಿ. ಕಾರಣ ಹುಡುಕುವುದು ಕಷ್ಟವಲ್ಲ. ಬಚ್ಚಲ ನೀರು ಗೋಡೆಯ ಪಕ್ಕದಲ್ಲೇ ಹರಿಯುತ್ತಿರಬಹುದು. ತಿಪ್ಪೆ, ಸೌದೆ ಗೋಡೆಗೆ ಒರಗಿರಬಹುದು. ಬೀದಿಗೆ ಮತ್ತೆ ಮತ್ತೆ ಕಾಂಕ್ರೀಟು ಹಾಕಿ ರಸ್ತೆ ಮನೆಯ ನೆಲಕ್ಕಿಂತ ಎತ್ತರವಾಗಿ, ಬೀದಿಯ ನೀರು ಜಗುಲಿಯತ್ತ ಬರುತ್ತಿರಬಹುದು.

ಗೋಡೆಯ ಸುತ್ತ 3 ಅಡಿ ಅಗಲಕ್ಕೆ ಗಟ್ಟಿಮಣ್ಣು ಹಾಕಿ ದಮ್ಮಸು ಮಾಡಿ, ಹೊರಕ್ಕೆ 2 ಇಂಚು ಇಳಿಜಾರು ಕೊಡಿ. ಅದರಾಚೆ ಕಿರುಗಾಲುವೆ ತೆಗೆದು ನೀರನ್ನು ದೂರ ಕಳಿಸಿ. ಗೋಡೆಯ ಬುಡದ ಮಣ್ಣನ್ನು ಮಾತ್ರ ಯಾವ ಕಾರಣಕ್ಕೂ ಅಗೆಯಬೇಡಿ.

ಕೊರೆದ ಬುಡ ತುಂಬುವಾಗ ಒಮ್ಮೆಗೇ ಉದ್ದಕ್ಕೂ ಬಿಡಿಸಬಾರದು. 2 ಅಡಿ ಉದ್ದ ಬಿಡಿಸಿ, ಸಡಿಲ ಮಣ್ಣು ಕೆರೆದು, ನೀರು ಚಿಮುಕಿಸಿ, ಕಲ್ಲಿನ ಚೂರು ಮತ್ತು ಸುಣ್ಣ ಬೆರೆಸಿದ ಮಣ್ಣಿನ ಗಾರೆಯಿಂದ ಬಿಗಿಯಾಗಿ ತುಂಬಿ. ಪಕ್ಕದ 2 ಅಡಿ ಬಿಟ್ಟು ಮುಂದಿನದಕ್ಕೆ ಹೋಗಿ. ವಾರ ಕಳೆದು ಗಟ್ಟಿಯಾದ ಮೇಲೆ ಬಿಟ್ಟ ಜಾಗಗಳನ್ನು ತುಂಬಿ. ಕೊರೆತ ಗೋಡೆಯ ದಪ್ಪದ ಮೂರನೇ ಒಂದು ಪಾಲಿಗಿಂತ ಹೆಚ್ಚಿದ್ದರೆ ನೀವೇ ಕೈ ಹಾಕಬೇಡಿ, ಮಾಡಿಗೆ ಕಂಬ ಕೊಟ್ಟು ಅನುಭವಿ ಮೇಸ್ತ್ರಿಯನ್ನು ಕರೆಯಿರಿ.

ಬಿರುಕು ಹಳೆಯದೋ, ಬೆಳೆಯುತ್ತಿದೆಯೋ?

ಎಲ್ಲ ಬಿರುಕೂ ಅಪಾಯದ್ದಲ್ಲ. ಬಿರುಕಿಗೆ ಅಡ್ಡಲಾಗಿ ತೆಳುವಾದ ಕಾಗದದ ಪಟ್ಟಿ ಅಂಟಿಸಿ ಅದರ ಮೇಲೆ ತಾರೀಖು ಬರೆಯಿರಿ. ಒಂದೆರಡು ತಿಂಗಳಾದರೂ ಕಾಗದ ಹರಿಯದಿದ್ದರೆ ಅದು ನಿಂತುಹೋದ ಬಿರುಕು, ಅಗಲಿಸಿ ಮಣ್ಣು ತುಂಬಿದರೆ ಸಾಕು. ಹರಿದರೆ ಗೋಡೆ ಇನ್ನೂ ಚಲಿಸುತ್ತಿದೆ. ಗೋಡೆ ನೆಟ್ಟಗಿದೆಯೇ ಎಂದು ತಿಳಿಯಲು ದಾರಕ್ಕೆ ಕಲ್ಲು ಕಟ್ಟಿ ಮೇಲಿನಿಂದ ಇಳಿಬಿಡಿ. ಹೊಟ್ಟೆ ಉಬ್ಬಿದ್ದರೆ, ಹೊರಕ್ಕೆ ವಾಲಿದ್ದರೆ ತಕ್ಷಣ ಗೊತ್ತಾಗುತ್ತದೆ. ಮಳೆ ಹಿಡಿದಾಗ ಬುಡ ಉಬ್ಬಿದರೆ, ಮಣ್ಣು ತಾನಾಗಿ ಉದುರತೊಡಗಿದರೆ, ಹೊಸ ಬಿರುಕು ಕಂಡರೆ ಆ ಗೋಡೆಯ ಪಕ್ಕದಲ್ಲಿ ಜನವೂ ಮಲಗಬಾರದು, ದನವನ್ನೂ ಕಟ್ಟಬಾರದು. ಬೆಳಗಾಗಲಿ ನೋಡೋಣ ಎನ್ನಬೇಡಿ.

ಕೊನೆಗೆ ಮೈ

ಗೋಡೆಗೆ ವಿದ್ಯುತ್ ತಂತಿ ಇದ್ದರೆ ಮೊದಲು ಮೇನ್ ಸ್ವಿಚ್ ಆರಿಸಿ. ಹಳೆಯ ಸಡಿಲ ಪದರ ಕೆರೆದು ತೆಗೆಯಿರಿ. ಹೊಸ ಸಾರಣೆಗೆ ಜರಡಿ ಹಿಡಿದ ಮಣ್ಣು, ಮರಳು, ಕತ್ತರಿಸಿದ ಹುಲ್ಲು ಸೇರಿಸಿ ನೀರಿನಲ್ಲಿ ಮೂರು ನಾಲ್ಕು ದಿನ ನೆನೆಸಿ, ಚೆನ್ನಾಗಿ ತುಳಿಯಿರಿ. ಮಣ್ಣಿಗೆ ಎಷ್ಟು ಮರಳು ಎಂದು ಕೇಳುವಿರಿ. ಊರೂರಿಗೂ ಮಣ್ಣು ಬೇರೆ, ಅದಕ್ಕೆ ಉತ್ತರ ನಿಮ್ಮ ಗೋಡೆಯೇ ಹೇಳಬೇಕು. ಮಣ್ಣಿಗೆ ಸಮ, ಒಂದೂವರೆ ಪಾಲು, ಎರಡು ಪಾಲು ಮರಳು ಬೆರೆಸಿ 1 ಅಡಿ ಚೌಕದ ಮೂರು ಗುರುತು ಬಳಿಯಿರಿ. ಒಣಗಿದ ಮೇಲೆ ಬಿರುಕು ಬಿಡದ, ಉಜ್ಜಿದರೆ ಉದುರದ ಗುರುತು ಯಾವುದೋ ಆ ಪ್ರಮಾಣವೇ ನಿಮ್ಮದು. ಗೋಡೆ ಒದ್ದೆ ಮಾಡಿ ತೆಳುವಾಗಿ ಎರಡು ಸಲ ಬಳಿಯಿರಿ. ಮೊದಲನೆಯದು ಆರಿದ ಮೇಲೆ ಎರಡನೆಯದು. ಪೂರ್ತಿ ಒಣಗಿದ ನಂತರ ಸುಣ್ಣ ಹೊಡೆಯಿರಿ. ಸುಣ್ಣ ಗೋಡೆಯ ಉಸಿರು ಕಟ್ಟುವುದಿಲ್ಲ. ಸುಟ್ಟ ಸುಣ್ಣ ಅರಳಿಸುವಾಗ ನೀರು ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಡಿ, ಕಣ್ಣು ಜೋಪಾನ.

ಹೊಸ ಗೋಡೆಯೇ ಬೇಕಾದರೆ

ಕೆಲವು ಗೋಡೆಗಳು ರಿಪೇರಿಯ ಹಂತ ದಾಟಿರುತ್ತವೆ. ಅಂಥಲ್ಲಿಯೂ ಸುಟ್ಟ ಇಟ್ಟಿಗೆಯೊಂದೇ ದಾರಿಯಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗೆ ಬೇಕಾದ ತಂತ್ರಗಳನ್ನು ಹುಡುಕುವುದೇ ಅದರ ಕೆಲಸ. ತುಮಕೂರು ಜಿಲ್ಲೆಯ ಉಂಗ್ರ ಗ್ರಾಮದಲ್ಲಿ ಅದರ ಕೇಂದ್ರವಿತ್ತು. ಮಣ್ಣಿಗೆ ಸ್ವಲ್ಪ ಸಿಮೆಂಟು ಸೇರಿಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕಿ, ಸುಡದೆಯೇ ಗಟ್ಟಿ ಇಟ್ಟಿಗೆ ಮಾಡುವ ವಿಧಾನವನ್ನು ಅವರು ರೂಢಿಗೆ ತಂದರು. ಸುಡುವುದೇ ಇಲ್ಲವಾದ್ದರಿಂದ ಸೌದೆಯ ಖರ್ಚಿಲ್ಲ, ಮರ ಕಡಿಯಬೇಕಿಲ್ಲ.

ಹೊಲದ ಮೇಲ್ಮಣ್ಣು ಇದಕ್ಕೆ ಬೇಡ. ಅದು ಬೆಳೆಗೆ ಇರಲಿ. ಒಂದೂವರೆ ಅಡಿ ಕೆಳಗಿನ ಕೆಂಪು ಮಣ್ಣು ತೆಗೆಯಿರಿ. ಎರೆಮಣ್ಣು ಉಬ್ಬಿ ಕುಗ್ಗುವುದರಿಂದ ಬಳಸಬೇಡಿ. ಗಾಜಿನ ಸೀಸೆಗೆ ಮೂರನೇ ಒಂದು ಪಾಲು ಮಣ್ಣು, ಚಿಟಿಕೆ ಉಪ್ಪು, ಉಳಿದಷ್ಟು ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಅಲುಗದಂತೆ ಇಡಿ. ಅಡಿಯಲ್ಲಿ ಮರಳು, ಮೇಲೆ ನಯವಾದ ಜೇಡಿ ಕೂರುತ್ತದೆ. ಮೂರರಲ್ಲಿ ಎರಡು ಪಾಲಿನಷ್ಟು ಮರಳಿದ್ದರೆ ಮಣ್ಣು ಸರಿ. ಜೇಡಿ ಹೆಚ್ಚಿದ್ದರೆ ಮರಳು ಅಥವಾ ಕ್ವಾರಿಯ ಪುಡಿ ಸೇರಿಸಿ.

ಜರಡಿ ಹಿಡಿದ 15 ಬಾಂಡ್ಲಿ ಮಣ್ಣಿಗೆ 1 ಬಾಂಡ್ಲಿ ಸಿಮೆಂಟು ಒಣಗಿದ್ದಂತೆಯೇ ಬೆರೆಸಿ, ಆಮೇಲೆ ನೀರು ಚಿಮುಕಿಸಿ. ಹದ ತಿಳಿಯಲು ಒಂದು ಉಂಡೆ ಕಟ್ಟಿ ಎದೆಯ ಎತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಸರಿ, ಒಂದೇ ಮುದ್ದೆಯಾಗಿ ಕೂತರೆ ನೀರು ಹೆಚ್ಚು, ಪುಡಿಯಾದರೆ ಕಡಿಮೆ. ಕಲಸಿದ್ದನ್ನು ಅರ್ಧ ಗಂಟೆಯೊಳಗೆ ಅಚ್ಚು ಹಾಕಿ ಮುಗಿಸಿ. ಪ್ರತಿ ಸಲವೂ ಒಂದೇ ತೂಕದ ಮಣ್ಣು ಅಚ್ಚಿಗೆ ಬೀಳಲಿ. ಮಾರನೆಯ ದಿನದಿಂದ 3 ವಾರ ಹುಲ್ಲು ಹೊದಿಸಿ ನೀರು ಚಿಮುಕಿಸಿ. ಹೆಚ್ಚಿನವರು ಅವಸರಪಟ್ಟು ಕೆಡಿಸಿಕೊಳ್ಳುವುದು ಇಲ್ಲಿಯೇ. ಚೆನ್ನಾಗಿ ಒಣಗಿದ ಮೇಲೆ ಒಂದು ಇಟ್ಟಿಗೆಯನ್ನು ಇಡೀ ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಕರಗದೆ ಅಂಚು ಉಳಿದರೆ ಮಾತ್ರ ಗೋಡೆಗೆ ಏರಿಸಿ.

ಇಟ್ಟಿಗೆಯ ಅಳತೆ 9 ಇಂಚು, ಏಳೂವರೆ ಇಂಚು, 4 ಇಂಚು. ಏಳೂವರೆ ಇಂಚು ದಪ್ಪಕ್ಕೆ 10 ಅಡಿ ಉದ್ದ, 10 ಅಡಿ ಎತ್ತರದ ಗೋಡೆ ಕಟ್ಟಲು ಸುಮಾರು 350 ಇಟ್ಟಿಗೆ ಬೇಕು. 50 ಕಿಲೋ ಸಿಮೆಂಟಿನ ಒಂದು ಚೀಲದಿಂದ ಸುಮಾರು 90 ಆಗುತ್ತವೆ, ಅಂದರೆ ಇಟ್ಟಿಗೆಗೆ 4 ಚೀಲ ಸಾಕು. ಕಟ್ಟುವ ಗಾರೆಗೆ 1 ಪಾಲು ಸಿಮೆಂಟು, 2 ಪಾಲು ಮಣ್ಣು, 6 ಪಾಲು ಮರಳು. ಪಾಯ, ಬಾಗಿಲ ಮೇಲಿನ ತೊಲೆ, ಮಾಡು ಕೂರಿಸುವುದು ಇವು ಮೇಸ್ತ್ರಿಯ ಕೆಲಸ. ಇಟ್ಟಿಗೆ ಅಚ್ಚು ಹಾಕುವುದು ಮನೆಮಂದಿಯ ಕೆಲಸ. ಯಂತ್ರವನ್ನು ಒಬ್ಬರೇ ಕೊಳ್ಳಬೇಕಿಲ್ಲ, ನಾಲ್ಕು ಮನೆಯವರು ಸೇರಿ ತಂದರೆ ಮುಯ್ಯಾಳಿನಂತೆ ಒಬ್ಬರ ಕೆಲಸ ಆದ ಮೇಲೆ ಇನ್ನೊಬ್ಬರದು ಮಾಡಬಹುದು. ನಿಮ್ಮ ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲಿ ವಿಚಾರಿಸಿ ನೋಡಿ.

ಯಾವಾಗ ಯಾವುದು?

ಸಂಕ್ರಾಂತಿ ಕಳೆದೊಡನೆ ಇಟ್ಟಿಗೆ. ಶಿವರಾತ್ರಿಯ ಹೊತ್ತಿಗೆ ಮಾಡು ಮತ್ತು ಬುಡ. ಯುಗಾದಿಗೆ ಸಾರಣೆ, ಸುಣ್ಣ. ರೋಹಿಣಿ ಮಳೆ ಬರುವಷ್ಟರಲ್ಲಿ ಗೋಡೆ ಒಳಗಿನಿಂದ ಒಣಗಿರಬೇಕು. ಹಸಿ ಗೋಡೆಯ ಮೇಲೆ ಮಳೆ ಬಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಹೊಲಕ್ಕೆ ಬದು ಹಾಕಿ ನೀರು ನಿಲ್ಲಿಸುವುದು ಒಂದು ಜಾಣತನ. ಮನೆಯ ಹತ್ತಿರ ನೀರು ನಿಲ್ಲದಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ನೀವು ಬಲ್ಲಿರಿ. ಎರಡನೆಯದಕ್ಕೂ ಬೇಕಾಗುವುದು ಅದೇ ಗುದ್ದಲಿ, ಅದೇ ಬಾಂಡ್ಲಿ. ಇವತ್ತು ಸಂಜೆ ಬೆಳಕಿರುವಾಗಲೇ ಮನೆಗೆ ಒಂದು ಸುತ್ತು ಹಾಕಿ, ಬುಡ ನೋಡಿ, ಗೋಡೆಯನ್ನು ತಟ್ಟಿ ಸದ್ದು ಕೇಳಿ. ಪೊಳ್ಳು ಸದ್ದು ಬಂದರೆ ನಮ್ಮ ಹಾಗೆ ಮೂರನೆಯ ಮಳೆಗಾಲದವರೆಗೆ ಕಾಯಬೇಡಿ.