ಬಿಳಿಗಿರಿರಂಗನಬೆಟ್ಟದ ಅರಣ್ಯದಲ್ಲಿ ಲಂಟಾನ ಕಳೆ: ಸಾರ್ವಜನಿಕರಿಗೆ ಮಾಹಿತಿ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನಾಥಸ್ವಾಮಿ ದೇವಾಲಯ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಲಂಟಾನ ಎಂಬ ವಿದೇಶೀ ಪೊದೆಗಿಡವು ವ್ಯಾಪಕವಾಗಿ ಹರಡಿರುತ್ತದೆ. ಇದನ್ನು ಚದುರಂಗಿ, ರೋಜದ ಗಿಡ ಎಂದೂ ಕರೆಯುವುದುಂಟು. ಅಮೆರಿಕ ಖಂಡದ ಉಷ್ಣವಲಯದ ಈ ಗಿಡವನ್ನು 19ನೆಯ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಲಾಯಿತು. ಬೇಲಿಗೆಂದು ನೆಟ್ಟದ್ದು, ಹಣ್ಣು ತಿನ್ನುವ ಪಿಕಳಾರ ಮುಂತಾದ ಪಕ್ಷಿಗಳ ಮೂಲಕ ಕಾಡನ್ನು ಸೇರಿತು.

ಒತ್ತಾಗಿ ಬೆಳೆಯುವ ಲಂಟಾನದ ಅಡಿಯಲ್ಲಿ ಬಿಸಿಲು ಬೀಳದೆ ಹುಲ್ಲು ನಶಿಸುತ್ತದೆ. ಜಿಂಕೆ, ಕಾಟಿಗಳಿಗೆ ಮೇವು ಕಡಿಮೆಯಾಗುತ್ತದೆ. ಇದರ ಎಲೆ ವಿಷಯುಕ್ತವಾದುದರಿಂದ ತಿಂದ ಜಾನುವಾರುಗಳ ಯಕೃತ್ತಿಗೆ ಹಾನಿ ತಟ್ಟುತ್ತದೆ. ಎಲ್ಲಕ್ಕಿಂತ ಗಂಭೀರವಾದುದು ನೆಲ್ಲಿಯ ಸ್ಥಿತಿ. ಲಂಟಾನದ ನಡುವೆ ನೆಲ್ಲಿಯ ಸಸಿಗಳು ಮೇಲೇಳುವುದು ದುಸ್ತರ. ಹಳೆಯ ಮರಗಳು ಹೋದ ಮೇಲೆ ಅವುಗಳ ಸ್ಥಾನದಲ್ಲಿ ನಿಲ್ಲುವ ಮರಗಳಿರುವುದಿಲ್ಲ. ನೆಲ್ಲಿಕಾಯಿ ಸಂಗ್ರಹವು ಸೋಲಿಗರ ಜೀವನೋಪಾಯಗಳಲ್ಲಿ ಒಂದಾಗಿದೆ.

ಪೂರ್ವದಲ್ಲಿ ಸೋಲಿಗರು ಬೇಸಿಗೆಯ ಮೊದಲಲ್ಲಿ 'ತರಗು ಬೆಂಕಿ' ಎಂಬ ಸಣ್ಣ ಬೆಂಕಿಯನ್ನು ಹಾಕುತ್ತಿದ್ದರು. ಅದು ಒಣಗಿದ ತರಗನ್ನು ಮಾತ್ರ ಸುಟ್ಟು, ಎಳೆಯ ಲಂಟಾನವನ್ನೂ ನೆಲ್ಲಿಯ ಬಂದಳಿಕೆಯನ್ನೂ ಹತೋಟಿಯಲ್ಲಿ ಇಡುತ್ತಿತ್ತೆಂದು ಹಿರಿಯರು ತಿಳಿಸುತ್ತಾರೆ. 1974ರಲ್ಲಿ ವನ್ಯಜೀವಿಧಾಮ ಘೋಷಣೆಯಾದ ತರುವಾಯ ಈ ರೂಢಿ ನಿಂತಿತು. ಆದರೆ ಈಗ ಬೆಂಕಿ ಹಾಕುವುದು ಪರಿಹಾರವಲ್ಲ, ಅಪರಾಧವೂ ಹೌದು. ಆಳೆತ್ತರದ ಒಣ ಲಂಟಾನಕ್ಕೆ ತಗುಲಿದ ಬೆಂಕಿ ಮರದ ತುದಿಗೆ ಏರುತ್ತದೆ.

ಬುಡದ ಮೇಲೆ ಕಡಿದರೂ ಪ್ರಯೋಜನವಿಲ್ಲ. ಒಂದು ಕಾಂಡದ ಜಾಗದಲ್ಲಿ ಹಲವು ಚಿಗುರುತ್ತವೆ. ಮಣ್ಣಿನ ಮಟ್ಟದಿಂದ ಕೆಲವು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕತ್ತರಿಸಿ, ಪೊದೆಯನ್ನು ಎತ್ತಿ ತಲೆಕೆಳಗಾಗಿ ಇಡತಕ್ಕದ್ದು. ಕಾಯಿ ಮಾಗುವ ಮೊದಲೇ ಈ ಕೆಲಸ ಆಗಬೇಕು. ತೆರವಾದ ಜಾಗದಲ್ಲಿ ಸ್ಥಳೀಯ ಹುಲ್ಲು ಬರುವವರೆಗೆ, ಮುಂದಿನ ಮಳೆಗಾಲಗಳಲ್ಲಿ ಮೊಳೆಯುವ ಸಸಿಗಳನ್ನೂ ಕೀಳಬೇಕಾಗುತ್ತದೆ.

ಸದುದ್ದೇಶವಿದ್ದರೂ ಸಾರ್ವಜನಿಕರು ಸ್ವಯಂ ಅರಣ್ಯ ಪ್ರವೇಶಿಸಿ ಗಿಡ ತೆರವುಗೊಳಿಸುವಂತಿಲ್ಲ. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ 29ನೆಯ ಪ್ರಕರಣದನ್ವಯ ಮುಖ್ಯ ವನ್ಯಜೀವಿ ಪರಿಪಾಲಕರ ಪರವಾನಗಿ ಅಗತ್ಯ.

ಅರಣ್ಯವಾಸಿಗಳ ವಿಷಯ ಬೇರೆ. ಅರಣ್ಯ ಹಕ್ಕುಗಳ ಕಾಯ್ದೆ, 2006ರಡಿ ಸಮುದಾಯ ಅರಣ್ಯ ಸಂಪನ್ಮೂಲವನ್ನು ರಕ್ಷಿಸುವ, ಪುನಶ್ಚೇತನಗೊಳಿಸುವ ಮತ್ತು ನಿರ್ವಹಿಸುವ ಹಕ್ಕು ಇದೆ. ಬಿಳಿಗಿರಿರಂಗನಬೆಟ್ಟದ ಸೋಲಿಗ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಹಕ್ಕುಪತ್ರಗಳು ದೊರೆತಿವೆ. ಇನ್ನೂ ಹಕ್ಕು ಕೋರದ ಪೋಡುಗಳವರು ಸಮುದಾಯ ಹಕ್ಕುಗಳಿಗೆ ನಮೂನೆ 'ಬಿ' ಮತ್ತು ಸಮುದಾಯ ಅರಣ್ಯ ಸಂಪನ್ಮೂಲಕ್ಕೆ ನಮೂನೆ 'ಸಿ'ಯಲ್ಲಿ ಅರ್ಜಿ ಸಲ್ಲಿಸಬಹುದು. ನಮೂನೆಗಳು ಉಚಿತ. ಅರ್ಜಿಯನ್ನು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ ನೀಡಬೇಕೇ ಹೊರತು ಅರಣ್ಯ ಕಚೇರಿಗಲ್ಲ.