ಕಾರಿನ ಎಣ್ಣೆ ಕಡೆಗೂ ಇರಲಿ ಒಂದು ಕಣ್ಣು

ಅಡುಗೆ ಎಣ್ಣೆ ಕೊಳ್ಳುವಾಗ ನಾವು ಎಷ್ಟೊಂದು ಲೆಕ್ಕ ಹಾಕ್ತೀವಿ ಅಲ್ವಾ? ಒಗ್ಗರಣೆಗೆ ಒಂದು, ಕರಿಯೋದಕ್ಕೆ ಇನ್ನೊಂದು, ಉಪ್ಪಿನಕಾಯಿಗೆ ಮತ್ತೊಂದು. ಪ್ಯಾಕೆಟ್ಟಿನ ಹಿಂದಿರುವ ಸಣ್ಣ ಅಕ್ಷರ ಓದಿ, ತಾರೀಖು ನೋಡಿಯೇ ಬುಟ್ಟಿಗೆ ಹಾಕುವುದು. ಪೂರಿ ಕರಿದು ಉಳಿದ ಎಣ್ಣೆಯನ್ನು ಮತ್ತೆ ಬಳಸೋದಕ್ಕೆ ಹಿಂದೆಮುಂದೆ ನೋಡುವ ನಮ್ಮನ್ನೇ, ದಿನಾ ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಬರುವ ಕಾರಿನಲ್ಲಿ ಯಾವ ಆಯಿಲ್ ಇದೆ, ಹಾಕಿಸಿ ಎಷ್ಟು ತಿಂಗಳಾಯಿತು ಅಂತ ಕೇಳಿ ನೋಡಿ. 'ಅದೆಲ್ಲ ನಮ್ಮನೆಯವರಿಗೆ ಗೊತ್ತು' ಅಂದುಬಿಡುತ್ತೇವೆ.

ನಾನೂ ಹಾಗೆ ಅಂದವಳೇ. ಆ ಮಾತಿಗೆ ನಾವು ತೆತ್ತ ಬೆಲೆ 94 ಸಾವಿರ ರೂಪಾಯಿ!

ನಮ್ಮದು ಸಣ್ಣ ಕಾರು. ಒಂದು ಲೀಟರಿನ ಪೆಟ್ರೋಲ್ ಎಂಜಿನ್, ಜೊತೆಗೆ ಟರ್ಬೊ. ಯಜಮಾನರು ಆಫೀಸಿಗೆ ಮೆಟ್ರೊದಲ್ಲಿ ಹೋಗುವುದರಿಂದ ಓಡಿಸುವವಳು ನಾನೇ. ಬೆಳಗ್ಗೆ ಎರಡು ಕಿಲೋಮೀಟರ್ ದೂರದ ಶಾಲೆ, ಬರುತ್ತಾ ತರಕಾರಿ, ಮಧ್ಯಾಹ್ನ ಮತ್ತೆ ಶಾಲೆ, ಸಂಜೆ ಸಂಗೀತದ ಕ್ಲಾಸು. ವರ್ಷವೆಲ್ಲ ಸೇರಿಸಿದರೂ ಮೂರು ಸಾವಿರ ಕಿಲೋಮೀಟರ್ ದಾಟುತ್ತಿರಲಿಲ್ಲ. ಮೊದಲೆರಡು ವರ್ಷ ಕಂಪನಿ ಸರ್ವೀಸ್ ಆಯಿತು. ಆಮೇಲೆ ಸುಮ್ಮನೆ ಅಷ್ಟು ದುಡ್ಡು ಯಾಕೆ ಅಂತ ಮನೆ ಹತ್ತಿರದ ಗ್ಯಾರೇಜಿಗೆ ಬಿಟ್ಟೆವು. ಆತ ಡ್ರಮ್ಮಿನಿಂದ 20ಡಬ್ಲ್ಯು-40 ಆಯಿಲ್ ತೆಗೆದು ಸುರಿದ. 'ನಿಮ್ಮ ಮಾವನವರ ಮಾರುತಿ 800ಕ್ಕೂ ಇದನ್ನೇ ಹಾಕ್ತಿದ್ದೆ ಮೇಡಂ, ಒಂದು ದಿನ ಕೈಕೊಟ್ಟಿದ್ದಿಲ್ಲ' ಅಂದ. ಮಾವನವರೂ ಹೌದೆಂದು ತಲೆಯಾಡಿಸಿದರು.

ಅದಾದ ಮೇಲೆ ಇಪ್ಪತ್ತು ತಿಂಗಳು ನಾವು ಆಯಿಲ್ ಸುದ್ದಿಗೇ ಹೋಗಲಿಲ್ಲ. ಹತ್ತು ಸಾವಿರ ಕಿಲೋಮೀಟರ್ ಎಲ್ಲಿ ಆಗಿದೆ? ಒಂದು ಭಾನುವಾರ ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತಿಗಿಂತಲೂ ಮೇಲಿತ್ತು. ಒಂದು ತೊಟ್ಟೂ ಕಮ್ಮಿಯಾಗಿಲ್ಲ ಅಂತ ಖುಷಿಪಟ್ಟೆ ನೋಡಿ, ಎಂಥಾ ಪೆದ್ದಿ ನಾನು!

ಕೆಲವು ತಿಂಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗೆಲ್ಲ ಸಿಳ್ಳೆ ಹೊಡೆದಂಥ ಸದ್ದು ಶುರುವಾಯಿತು. ಬೆಳಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಚೈನು ಕಟಕಟ ಅನ್ನುತ್ತಿತ್ತು. ಹಿಂದಿನಿಂದ ನೀಲಿ ಹೊಗೆ ಬೇರೆ. ಕಂಪನಿ ವರ್ಕ್‌ಶಾಪಿನಲ್ಲಿ ಬಿಚ್ಚಿದರು. ಟರ್ಬೊದ ಬೇರಿಂಗ್ ಸವೆದು ಅದರ ಶಾಫ್ಟ್ ಅಲ್ಲಾಡುತ್ತಿತ್ತು, ಟೈಮಿಂಗ್ ಚೈನ್ ಸಡಿಲವಾಗಿತ್ತು. ವಾರಂಟಿ ಕೇಳಿದರೆ 'ಸರಿಯಾದ ಆಯಿಲ್ ಹಾಕಿಸಿದ ದಾಖಲೆ ಎಲ್ಲಿ ಮೇಡಂ?' ಅಂದರು. ಡ್ರಮ್ಮಿನ ಆಯಿಲಿಗೆ ದಾಖಲೆ ಎಲ್ಲಿಂದ ತರೋದು?

ಅಲ್ಲಿನ ಹಿರಿಯ ಮೆಕ್ಯಾನಿಕ್ ಒಬ್ಬರು ಸಮಾಧಾನದಿಂದ ಎಲ್ಲ ವಿವರಿಸಿದರು. ಆಮೇಲೆ ನಾನೂ ಕಾರಿನ ಜೊತೆ ಕೊಟ್ಟ ಕೈಪಿಡಿ ತೆಗೆದು ಕೂತು ಓದಿದೆ. ಡ್ಯಾಶ್‌ಬೋರ್ಡ್ ಡ್ರಾಯರಿನಲ್ಲಿ ಕವರ್ ಸಮೇತ ಹಾಗೇ ಇತ್ತು ಪಾಪ.

ಸಣ್ಣ ಎಂಜಿನ್, ದೊಡ್ಡ ಕೆಲಸ

ಟರ್ಬೊ ಅಂದರೆ ಎಂಜಿನ್ನಿನಿಂದ ಹೊರಹೋಗುವ ಬಿಸಿ ಹೊಗೆಯಿಂದಲೇ ತಿರುಗುವ ಪುಟ್ಟ ಚಕ್ರ. ಅದು ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಹಾಗಾಗಿಯೇ ಒಂದು ಲೀಟರಿನ ಎಂಜಿನ್ ದೊಡ್ಡ ಎಂಜಿನ್ನಿನಷ್ಟು ಎಳೆಯುತ್ತದೆ. ಈ ಚಕ್ರ ನಿಮಿಷಕ್ಕೆ ಸುಮಾರು 2 ಲಕ್ಷ ಸುತ್ತಿನವರೆಗೂ ತಿರುಗಬಲ್ಲದು, ಪೆಟ್ರೋಲ್ ಕಾರಿನಲ್ಲಿ ಅದನ್ನು ತಾಗುವ ಹೊಗೆಯ ಬಿಸಿ 900 ಡಿಗ್ರಿ ದಾಟಬಹುದು. ಬೆರಳಿಗಿಂತ ಸಣ್ಣದಾದ ಅದರ ಶಾಫ್ಟ್ ನಿಂತಿರುವುದು ಎಂಜಿನ್ ಆಯಿಲಿನ ತೆಳು ಪದರದ ಮೇಲೆ. ಆ ಪದರ ತಪ್ಪಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಇನ್ನೊಂದು, ನೇರ ಇಂಜೆಕ್ಷನ್. ಹಳೆಯ ಕಾರುಗಳಲ್ಲಿ ಪೆಟ್ರೋಲು ಗಾಳಿಯ ದಾರಿಯಲ್ಲೇ ಬೆರೆತು ಒಳಗೆ ಹೋಗುತ್ತಿತ್ತು. ಈಗಿನವುಗಳಲ್ಲಿ ನೇರವಾಗಿ ಸಿಲಿಂಡರಿನೊಳಕ್ಕೇ ಚಿಮ್ಮಿಸುತ್ತಾರೆ. ಹಿಂದಿನ ಪದ್ಧತಿಯಲ್ಲಿ ಒತ್ತಡ ಮೂರು ನಾಲ್ಕು ಬಾರ್ ಇದ್ದರೆ ಇಲ್ಲಿ 200 ಬಾರ್, ಕೆಲವದರಲ್ಲಿ ಅದಕ್ಕೂ ಮೇಲೆ. ಮೈಲೇಜಿಗೆ ಒಳ್ಳೆಯದೇ. ಆದರೆ ಎಂಜಿನ್ ತಣ್ಣಗಿದ್ದಾಗ ಪೆಟ್ರೋಲು ಪೂರ್ತಿ ಆವಿಯಾಗದೆ ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗುಗಳ ಸಂದಿಯಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ.

ನನ್ನ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದ್ದು ಹೀಗೆ! ಅದು ಆಯಿಲ್ ಉಳಿದದ್ದಲ್ಲ, ಪೆಟ್ರೋಲು ಬೆರೆತದ್ದು. ಸಾರಿಗೆ ನೀರು ಹೊಯ್ದು ಹೆಚ್ಚಿಸಿದ ಹಾಗೆ ಪಾತ್ರೆ ತುಂಬಿರುತ್ತದೆ, ಸತ್ವ ಇರೋಲ್ಲ. ಅಂಥ ತೆಳ್ಳಗಾದ ಆಯಿಲ್ ಟರ್ಬೊ ಬೇರಿಂಗನ್ನು ಎಷ್ಟು ಹೊತ್ತು ಕಾಪಾಡೀತು? ಈ ಎಂಜಿನ್‌ಗಳಲ್ಲಿ ನುಣ್ಣನೆ ಮಸಿಯೂ ಹೆಚ್ಚು. ಆ ಮಸಿ ಆಯಿಲಿನಲ್ಲಿ ಸೇರಿ ಚೈನಿನ ಪಿನ್ನುಗಳನ್ನು ಸಬೀನಾ ಪುಡಿಯ ಹಾಗೆ ಉಜ್ಜಿ ಸವೆಸುತ್ತದೆ.

ಎರಡು ಕಿಲೋಮೀಟರ್ ಓಡಿಸಿದರೆ ಕಾರಿಗೆ ಏನು ಆಯಾಸ ಅಂತ ನಮ್ಮ ಲೆಕ್ಕ. ನಿಜ ತಿರುಗುಮುರುಗು. ಎಂಜಿನ್ ಬಿಸಿಯಾಗುವ ಮೊದಲೇ ನಾವು ಆಫ್ ಮಾಡಿರುತ್ತೇವೆ. ಮೀಟರಿನ ಮುಳ್ಳು ಮಧ್ಯಕ್ಕೆ ಬಂದರೂ ಅದು ತೋರಿಸುವುದು ಕೂಲೆಂಟಿನ ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಬಿಸಿಯಾಗದೆ ಅದರೊಳಗಿನ ಪೆಟ್ರೋಲೂ ನೀರಿನಂಶವೂ ಆವಿಯಾಗೋದಿಲ್ಲ. ಹೈವೇಯಲ್ಲಿ ಮೈಸೂರಿಗೆ ಹೋಗಿಬರುವ ಕಾರಿಗಿಂತ ನಮ್ಮ ಸ್ಕೂಲ್ ಡ್ರಾಪ್ ಕಾರಿನ ಆಯಿಲಿಗೇ ಹೆಚ್ಚು ಕಷ್ಟ!

ಕೈಪಿಡಿಯಲ್ಲಿ ಇದು ಇಲ್ಲದೆ ಇಲ್ಲ. ಮಾಮೂಲಿ ಬಳಕೆಗೆ ಒಂದು ಪಟ್ಟಿ, ಕಠಿಣ ಬಳಕೆಗೆ ಇನ್ನೊಂದು ಪಟ್ಟಿ ಅಂತ ಕೊಟ್ಟಿರುತ್ತಾರೆ. ಮತ್ತೆ ಮತ್ತೆ ಕಡಿಮೆ ದೂರದ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್, ಧೂಳು ಇವೆಲ್ಲ ಇರುವುದು ಎರಡನೇ ಪಟ್ಟಿಯಲ್ಲಿ. ನಮ್ಮ ಬೆಂಗಳೂರಿನಲ್ಲಿ ಮೂರೂ ಒಟ್ಟಿಗೇ! ನಮ್ಮ ಕಾರಿಗೆ ಮಾಮೂಲಿ ಬಳಕೆಯಲ್ಲಿ 10,000 ಕಿ.ಮೀ. ಅಥವಾ ಒಂದು ವರ್ಷ ಅಂತಿದ್ದದ್ದು ಕಠಿಣ ಬಳಕೆಯಲ್ಲಿ 5,000 ಕಿ.ಮೀ. ಅಥವಾ 6 ತಿಂಗಳಿಗೆ ಇಳಿದಿತ್ತು. ಯಾವುದು ಮೊದಲು ಬರುತ್ತದೋ ಅದು. ನಮ್ಮಂಥವರಿಗೆ ಮೊದಲು ಬರುವುದು ತಿಂಗಳೇ. ನಿಮ್ಮ ಕಾರಿಗೆ ಎಷ್ಟು ಅಂತ ಇವತ್ತೇ ತೆಗೆದು ನೋಡಿ.

ಡಬ್ಬದ ಮೇಲಿನ ಅಕ್ಷರಗಳು

5ಡಬ್ಲ್ಯು-30, 0ಡಬ್ಲ್ಯು-20 ಅಂತೆಲ್ಲ ನೋಡಿ ಗಾಬರಿಯಾಗಬೇಡಿ. ಮೊದಲ ಸಂಖ್ಯೆ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಕಡಿಮೆ ಇದ್ದಷ್ಟೂ ಬೆಳಗಿನ ಸ್ಟಾರ್ಟಿನಲ್ಲಿ ಬೇಗ ಟರ್ಬೊ ಮುಟ್ಟುತ್ತದೆ. ಎರಡನೆಯದು ಬಿಸಿಯಾದ ಮೇಲೆ ಎಷ್ಟು ಗಟ್ಟಿ ಇರುತ್ತದೆ ಅನ್ನುವುದಕ್ಕೆ. ಗಟ್ಟಿ ಇದ್ದರೆ ಒಳ್ಳೆಯದು ಅಂತ ನಾವೇ ತೀರ್ಮಾನ ಮಾಡುವ ಹಾಗಿಲ್ಲ, ತೆಳ್ಳಗಿದ್ದರೆ ಮೈಲೇಜು ಅಂತಲೂ ಇಲ್ಲ. ಕೈಪಿಡಿ ಏನು ಹೇಳುತ್ತದೋ ಅದೇ.

ಸಂಖ್ಯೆಗಿಂತಲೂ ಮುಖ್ಯ ಅದರ ಪಕ್ಕದ ಎಪಿಐ ದರ್ಜೆ. ಇಂಥ ಎಂಜಿನ್ನನ್ನು ಕಡಿಮೆ ವೇಗದಲ್ಲಿ ಜೋರಾಗಿ ಎಳೆಸಿದಾಗ ಒಳಗೆ ಉಳಿದ ಆಯಿಲ್ ಹನಿಗಳಿಂದ ಪೆಟ್ರೋಲು ಹೊತ್ತಿಗೆ ಮೊದಲೇ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯುವುದುಂಟು. ಆಯಿಲಿನಲ್ಲಿರುವ ಕ್ಯಾಲ್ಸಿಯಂ ಜಾತಿಯ ಡಿಟರ್ಜೆಂಟ್ ಇದನ್ನು ಹೆಚ್ಚಿಸುತ್ತದೆ ಅಂತ ಗೊತ್ತಾದ ಮೇಲೆ ತಯಾರಕರು ಅದನ್ನು ಕಡಿಮೆ ಮಾಡಿ ಮೆಗ್ನೀಷಿಯಂ ಸೇರಿಸತೊಡಗಿದರು. 2018ರಲ್ಲಿ 'ಎಸ್‌ಎನ್ ಪ್ಲಸ್' ದರ್ಜೆ ಬಂತು. 2020ರ 'ಎಸ್‌ಪಿ' ದರ್ಜೆಯಲ್ಲಿ ಚೈನ್ ಸವೆತದ ಪರೀಕ್ಷೆಯೂ ಸೇರಿತು. 2025ರಲ್ಲಿ 'ಎಸ್‌ಕ್ಯೂ' ಬಂದಿದೆ. ಟರ್ಬೊ ನೇರ ಇಂಜೆಕ್ಷನ್ ಕಾರಿಗೆ ಎಸ್‌ಪಿ ಅಥವಾ ಅದಕ್ಕಿಂತ ಹೊಸದನ್ನೇ ಕೇಳಿ. ಯುರೋಪಿನ ಕಂಪನಿಗಳ ಕಾರಾದರೆ ಕಂಪನಿಯದೇ ಒಂದು ನಂಬರ್ ಕೈಪಿಡಿಯಲ್ಲಿರುತ್ತದೆ, ಡಬ್ಬದ ಮೇಲೂ ಅದೇ ನಂಬರ್ ಇರಬೇಕು.

ನಿಮ್ಮದು ಇಂಥ ಕಾರು ಹೌದೋ ಅಲ್ಲವೋ ಅಂತ ಅನುಮಾನವೇ? ಟಿಎಸ್‌ಐ, ಟರ್ಬೊ ಜಿಡಿಐ, ಟಿಜಿಡಿಐ ಅಂತ ಇದ್ದರೆ ಹೌದು. ಬರೀ ಟರ್ಬೊ ಅಂತ ಇದ್ದರೆ ನೇರ ಇಂಜೆಕ್ಷನ್ ಇರಲೇಬೇಕು ಅಂತಿಲ್ಲ, ಕೈಪಿಡಿ ನೋಡಿ. 2020ರ ಏಪ್ರಿಲ್ ನಂತರದ ಬಿಎಸ್6 ಡೀಸೆಲ್ ಕಾರಿದ್ದರೆ ಹೊಗೆ ಸೋಸುವ ಫಿಲ್ಟರ್ ಕಟ್ಟದಂತೆ ಬೂದಿ ಕಡಿಮೆ ಇರುವ ಆಯಿಲೇ ಬೇಕು. ಪೆಟ್ರೋಲ್ ಕಾರಿನ ಡಬ್ಬ ಅದಕ್ಕೆ ಸುರಿಯಬೇಡಿ.

ಆಯಿಲಿನಿಂದ ಎಲ್ಲವೂ ಸರಿಹೋಗುತ್ತದೆ ಅಂತಲೂ ಅಲ್ಲ. ಪೆಟ್ರೋಲು ಗಾಳಿಯ ದಾರಿಯಲ್ಲಿ ಬರದೆ ಇರುವುದರಿಂದ ಇನ್‌ಟೇಕ್ ವಾಲ್ವುಗಳು ತೊಳೆದುಹೋಗದೆ, ಕರಿ ಹಿಡಿದ ತಳದಂತೆ ಕಾರ್ಬನ್ ಕಟ್ಟುತ್ತವೆ. ಅದನ್ನು ತೆಗೆಯಲು ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಊದುತ್ತಾರಂತೆ! ಕೇಳಿ ನನಗೆ ನಗು ಬಂತು, ಆದರೆ ನಿಜ.

ಈಗ ನಾನು ಮಾಡುತ್ತಿರುವುದು ಇಷ್ಟು. ವಾರಕ್ಕೊಮ್ಮೆ ಕಾರನ್ನು ಅರ್ಧ ಗಂಟೆ ರಿಂಗ್ ರೋಡಿನಲ್ಲಿ ಓಡಿಸುತ್ತೇನೆ, ಆಯಿಲ್ ಚೆನ್ನಾಗಿ ಬಿಸಿಯಾಗಲಿ ಅಂತ. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಮಾಡುವುದಿಲ್ಲ. ಫ್ಲೈಓವರ್ ಏರುವಾಗ ಮೇಲಿನ ಗೇರಿನಲ್ಲೇ ಒದ್ದಾಡಿಸದೆ ಗೇರ್ ಇಳಿಸುತ್ತೇನೆ. ಘಾಟಿ ಹತ್ತಿ ಬಂದಾಗ ಒಂದು ನಿಮಿಷ ಐಡ್ಲಿಂಗಿನಲ್ಲಿ ಬಿಟ್ಟು ಆಮೇಲೆ ಆಫ್. ಇಲ್ಲವಾದರೆ ಕಾದ ಟರ್ಬೊದೊಳಗೆ ನಿಂತ ಆಯಿಲ್ ಸೀದು ಕರಿಯಾಗುತ್ತದೆ. ತಿಂಗಳಿಗೊಮ್ಮೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡುತ್ತೇನೆ. ಆಯಿಲ್ ಕಪ್ಪಾಗಿದ್ದರೆ ಹೆದರಬೇಡಿ, ಕೊಳೆ ಹಿಡಿದಿಟ್ಟುಕೊಳ್ಳುವುದೇ ಅದರ ಕೆಲಸ. ಮಟ್ಟ ಏರಿದ್ದರೆ, ಮೂಗಿನ ಹತ್ತಿರ ಹಿಡಿದಾಗ ಪೆಟ್ರೋಲ್ ವಾಸನೆ ಬಂದರೆ ಮಾತ್ರ ತಡ ಮಾಡಬೇಡಿ.

ಕಳೆದ ಸಲ ಮೂರೂವರೆ ಲೀಟರ್ ಸಿಂಥೆಟಿಕ್ ಆಯಿಲಿಗೆ 2,800 ರೂಪಾಯಿ ಆಯಿತು. ಸೀಲ್ ಇರುವ ಡಬ್ಬವನ್ನು ಕಣ್ಣೆದುರೇ ಒಡೆಸಿದೆ. ಖಾಲಿ ಡಬ್ಬವನ್ನು ಅಲ್ಲಿ ಬಿಡದೆ ಮನೆಗೆ ತಂದು ಮೊಳೆಯಿಂದ ತೂತು ಮಾಡಿಯೇ ಗುಜರಿಗೆ ಹಾಕಿದೆ. ಇಲ್ಲದಿದ್ದರೆ ಅದೇ ಡಬ್ಬಕ್ಕೆ ನಕಲಿ ಆಯಿಲ್ ತುಂಬುವವರಿದ್ದಾರೆ. ಬಿಲ್ಲಿನಲ್ಲಿ ಆಯಿಲಿನ ದರ್ಜೆ, ಕಿಲೋಮೀಟರ್, ತಾರೀಖು ಮೂರನ್ನೂ ಬರೆಸಿಕೊಂಡು, ಗ್ಯಾಸ್ ಪುಸ್ತಕದ ಜೊತೆಗೇ ಇಟ್ಟಿದ್ದೇನೆ.