ಮೂಗಿನ ರೋಗಾಣು, ಗಾಯದ ಸೋಂಕು: ಶಸ್ತ್ರಚಿಕಿತ್ಸೆಗೆ ಮುನ್ನ ತಿಳಿದಿರಬೇಕಾದದ್ದು

2024ರ ಫೆಬ್ರವರಿಯಲ್ಲಿ ತುಮಕೂರು ಜಿಲ್ಲೆಯ ಪಾವಗಡದ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಮೂವರು ಮಹಿಳೆಯರು ಮರಣ ಹೊಂದಿದರು. ಸೋಂಕು ತಗಲಿದ್ದೇ ಕಾರಣವೆಂಬ ವರದಿ ಬಂದು, ಸಿಬ್ಬಂದಿಯ ಮೇಲೆ ಕ್ರಮ ಜರಗಿತು. ಕರಾವಳಿಯ ನಮಗೆ ಪಾವಗಡ ದೂರದ ಊರು. ಆದರೆ ಆ ಮನೆಗಳ ದುಃಖ ನಮಗೆ ಅಪರಿಚಿತವಲ್ಲ.

ಉಪಕರಣಗಳನ್ನು ರೋಗಾಣುಮುಕ್ತವಾಗಿಡುವುದು ಆಸ್ಪತ್ರೆಯ ಹೊಣೆ. ಅದಕ್ಕೆ ಪರ್ಯಾಯವಿಲ್ಲ. ಆದರೆ ಸೋಂಕು ಗಾಯವನ್ನು ಸೇರಲು ಇನ್ನೊಂದು ದಾರಿಯೂ ಇದೆ. ಅದು ರೋಗಿಯ ಸ್ವಂತ ಮೂಗು ಮತ್ತು ಚರ್ಮ. ಈ ದಾರಿಯನ್ನು ಮುಚ್ಚುವ ಬಗ್ಗೆ ನಮ್ಮಲ್ಲಿ ತಿಳುವಳಿಕೆ ಕಡಿಮೆ.

ನಮ್ಮಲ್ಲೇ ಇರುವ ರೋಗಾಣು

ಸ್ಟೆಫಿಲೋಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಸುಮಾರು ಹತ್ತರಲ್ಲಿ ಮೂವರ ಮೂಗಿನೊಳಗೆ ಇರುತ್ತದೆ. ಅವರಿಗೆ ಯಾವ ತೊಂದರೆಯೂ ಕಾಣುವುದಿಲ್ಲ. ಚರ್ಮ ಕೊಯ್ದಾಗ ಅದೇ ಬ್ಯಾಕ್ಟೀರಿಯಾ ಒಳಹೊಕ್ಕು ಗಾಯವನ್ನು ಕೀವಾಗಿಸಬಹುದು. ಮೂಳೆಗೆ, ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ. ಮೆಥಿಸಿಲಿನ್ ಔಷಧಕ್ಕೆ ಬಗ್ಗದ ತಳಿ 1961ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾಯಿತು. ಅದನ್ನೇ ಎಂಆರ್‌ಎಸ್‌ಎ ಎನ್ನುತ್ತಾರೆ. ಭಾರತದ 15 ಕೇಂದ್ರಗಳಲ್ಲಿ 2008 ಮತ್ತು 2009ರಲ್ಲಿ ನಡೆದ ಅಧ್ಯಯನದಲ್ಲಿ, ರೋಗಿಗಳಿಂದ ಸಿಕ್ಕ ಈ ಬ್ಯಾಕ್ಟೀರಿಯಾಗಳ ಪೈಕಿ ಶೇಕಡಾ 40ರಷ್ಟು ಈ ತಳಿಯವೇ ಆಗಿದ್ದವು.

ಐದು ದಿನಗಳ ಶುಚೀಕರಣ

ಮೂಗಿನಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಪರೀಕ್ಷಿಸಿದರೆ ಈ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯುತ್ತದೆ. ಇದ್ದರೆ ಮ್ಯುಪಿರೋಸಿನ್ ಮುಲಾಮನ್ನು ಎರಡೂ ಹೊಳ್ಳೆಗಳಿಗೆ ಸಾಮಾನ್ಯವಾಗಿ ದಿನಕ್ಕೆ ಎರಡು ಬಾರಿ, ಐದು ದಿನ ಹಚ್ಚುತ್ತಾರೆ. ಜೊತೆಗೆ ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಪ್ರತಿದಿನ ಸ್ನಾನ. ಇದು ಕಣ್ಣು, ಕಿವಿಯೊಳಗೆ ಹೋಗಬಾರದು.

2010ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಹೀಗೆ ಶುಚಿಗೊಳಿಸಿದ ರೋಗಿಗಳಲ್ಲಿ ಶೇಕಡಾ 3.4 ಜನರಿಗೆ ಮಾತ್ರ ಆಸ್ಪತ್ರೆಯಲ್ಲಿ ಈ ಬ್ಯಾಕ್ಟೀರಿಯಾದ ಸೋಂಕು ತಗಲಿತು. ಉಳಿದವರಲ್ಲಿ ಅದು ಶೇಕಡಾ 7.7 ಇತ್ತು. ಹೃದಯ ಮತ್ತು ಮೂಳೆಯ ಶಸ್ತ್ರಚಿಕಿತ್ಸೆಗೆ ಮುನ್ನ, ಮೂಗಿನಲ್ಲಿ ಈ ಬ್ಯಾಕ್ಟೀರಿಯಾ ಇರುವುದು ಖಚಿತವಾದವರಿಗೆ ಈ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಶಿಫಾರಸು ಮಾಡಿತು.

ಮನೆಗೆ ಮರಳಿದ ಮೇಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಹಳ್ಳಿಯವರು ದೊಡ್ಡ ಶಸ್ತ್ರಚಿಕಿತ್ಸೆಗಾಗಿ ತುಮಕೂರಿಗೋ ಬೆಂಗಳೂರಿಗೋ ಹೋಗುತ್ತಾರೆ. ಊರಿಗೆ ಮರಳಿದ ಮೇಲೆ ಗಾಯ ಕೀವಾದರೆ ಮತ್ತೆ ಬಸ್ಸಿನ ಖರ್ಚು, ತಪ್ಪಿದ ಕೂಲಿ, ಸಾಲ. ಆದ್ದರಿಂದ 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ಇಂಥವರಿಗೆ ಮುಖ್ಯ. ಎಂಆರ್‌ಎಸ್‌ಎ ಹೊತ್ತಿದ್ದ 2,121 ಜನರು ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ಇದು ನಡೆಯಿತು. ಎಲ್ಲರಿಗೂ ಶುಚಿತ್ವದ ತಿಳುವಳಿಕೆ ಕೊಡಲಾಯಿತು. ಅರ್ಧದಷ್ಟು ಜನರು ಅದರ ಜೊತೆಗೆ ಆರು ತಿಂಗಳ ಕಾಲ, ತಿಂಗಳಿಗೆ ಎರಡು ಸಲ ಐದೈದು ದಿನ ಮನೆಯಲ್ಲೇ ಶುಚೀಕರಣ ಮಾಡಿಕೊಂಡರು. ಒಂದು ವರ್ಷದಲ್ಲಿ ಅವರಿಗೆ ಎಂಆರ್‌ಎಸ್‌ಎ ಸೋಂಕಿನ ಅಪಾಯ ಶೇಕಡಾ 30ರಷ್ಟು ಕಡಿಮೆಯಾಯಿತು.

ಎಚ್ಚರಿಕೆಯೂ ಬೇಕು

ಇದನ್ನು ಓದಿ ಯಾರೂ ನೇರವಾಗಿ ಮೆಡಿಕಲ್ ಶಾಪಿಗೆ ಹೋಗಿ ಮುಲಾಮು ಕೊಳ್ಳಬಾರದು. ಮ್ಯುಪಿರೋಸಿನ್ ಕೂಡ ಆಂಟಿಬಯೋಟಿಕ್. ಬೇಕಾಬಿಟ್ಟಿ ಬಳಸಿದರೆ ಬ್ಯಾಕ್ಟೀರಿಯಾ ಅದಕ್ಕೂ ಬಗ್ಗದಂತಾಗುತ್ತದೆ. ಶುಚಿಗೊಳಿಸಿದ ಮೇಲೂ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಅದು ಮರಳಿ ಬರಬಹುದು. ಯಾರಿಗೆ, ಯಾವಾಗ ಇದು ಬೇಕು ಎಂಬುದನ್ನು ವೈದ್ಯರೇ ತೀರ್ಮಾನಿಸಬೇಕು.

ನಾವು ಮಾಡಬಹುದಾದದ್ದು

ಶಸ್ತ್ರಚಿಕಿತ್ಸೆ ನಿಗದಿಯಾದವರು ವೈದ್ಯರನ್ನು ಎರಡು ಪ್ರಶ್ನೆ ಕೇಳಲಿ: "ನನಗೆ ಮೂಗಿನ ಪರೀಕ್ಷೆ ಬೇಕೇ? ಮುಂಚಿತವಾಗಿ ಯಾವ ರೀತಿ ಸ್ನಾನ ಮಾಡಬೇಕು?" ಹಿಂದೆ ಎಂಆರ್‌ಎಸ್‌ಎ ಆಗಿದ್ದರೆ, ಪದೇ ಪದೇ ಕುರು ಏಳುತ್ತಿದ್ದರೆ ಅದನ್ನು ಮುಚ್ಚಿಡಬಾರದು. ರೋಗಿಗಳನ್ನು ಭೇಟಿಮಾಡುವ ನಮ್ಮ ಕಾರ್ಯಕರ್ತರು ಮನೆಯೊಳಗೆ ಹೋಗುವಾಗಲೂ ಹೊರಬರುವಾಗಲೂ ಕೈ ತೊಳೆಯಲಿ, ಗಾಯವನ್ನು ಮುಟ್ಟದಿರಲಿ. ಗಾಯ ಕೆಂಪಾಗಿ ಊದಿದರೆ, ಕೀವು ಸೋರಿದರೆ, ಜ್ವರ ಬಂದರೆ ಆ ದಿನವೇ ಆಸ್ಪತ್ರೆಗೆ ಕಳುಹಿಸಲಿ. ಹಣವಿಲ್ಲವೆಂದು ಹಿಂಜರಿಯುವವರ ಜೊತೆ ಒಬ್ಬರು ಹೋದರೂ ಒಂದು ಜೀವ ಉಳಿದೀತು.